ಕೋದಂಡರಾಮಪ್ಪನ ನಶ್ಯದ ಬುಡ್ಡಿ

ಮಾಲೂರಿನ ಹೆಂಚಿನ ಕಾರ್ಖಾನೆಯಿಂದ ನಿವೃತ್ತನಾಗಿದ್ದ ನಮ್ಮ ಕೋದಂಡರಾಮಪ್ಪ ಕಂಡ ಕೊನೆಯ ಪಿತೃಪಕ್ಷ ಅದು. ನಶ್ಯವೆಂದರೆ ಪ್ರಾಣ ಬಿಡುತ್ತಿದ್ದ ಅಪ್ಪನ ಎಡೆಗೆ ಅವನು ಪ್ರತಿವರ್ಷ ಹೆಬ್ಬೆರಳುದ್ದದ ಚೀನಾ ಪಿಂಗಾಣಿ ಬುಡ್ಡಿಯಲ್ಲಿ ನಶ್ಯ ತುಂಬಿಡುತ್ತಿದ್ದ. ತಾನೇ ಕೊಂಡು ತಂದಿದ್ದ ಆ ಬುಡ್ಡಿ ನೂರೈವತ್ತು ವರ್ಷ ಹಳೆಯದೆಂದು ನಂಬಿದ್ದ.

ಕಾಯಿಲೆ ಬಿದ್ದ ಮೇಲೆ ಹೊತ್ತು ಹೋಗದೆ ಇಂಥ ಬುಡ್ಡಿಗಳ ಬಗ್ಗೆ ತುಂಬ ಓದಿಕೊಂಡಿದ್ದ. ಅಂದು ಭೂತಗನ್ನಡಿ ಹಿಡಿದು ತನ್ನ ಬುಡ್ಡಿಯ ತಳ ನೋಡಿದ. ಬಳಸಿ ಸವೆದದ್ದಾದರೆ ಗೀರುಗಳು ದಿಕ್ಕಾಪಾಲಾಗಿರಬೇಕು. ಇಲ್ಲಿ ಎಲ್ಲವೂ ಒಂದೇ ಕಡೆಗಿದ್ದವು. ಯಾರೋ ಮರಳುಕಾಗದದಲ್ಲಿ ಉಜ್ಜಿ ಹಳತು ಮಾಡಿದ್ದರು.

"ಇದು ಹೊಸದು ಕಣೇ. ಇಷ್ಟು ವರ್ಷ ಅಪ್ಪನಿಗೆ ಮೋಸ ಮಾಡ್ಬಿಟ್ಟೆ" ಎಂದು ಗೋಡೆಗೊರಗಿದ.

"ಮಾವ ತಗಡಿನ ಡಬ್ಬೀಲೇ ಕಾಲ ಕಳೆದ್ರು. ಅದನ್ನೇ ಇಡ್ಲಾ?" ಎಂದಳು ಹೆಂಡತಿ ಮುನಿಗಂಗಮ್ಮ. "ಬೇಗ ಹೇಳಿ, ಅನ್ನ ಆರೋಗ್ತೈತೆ."

ಸುಸ್ತಾಗಿದ್ದರೂ ಅವನು ಬುಡ್ಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅದರ ಮೈಮೇಲೊಂದು ಕೆಂಪು ಮೀನು. ಬಾಲವನ್ನು ಒಂದೇ ಎಳೆತದಲ್ಲಿ, ಸುತ್ತ ನೀರಿದೆ ಅನ್ನಿಸುವಂತೆ ಬರೆದಿದ್ದರು.

"ಮೀನು ಚೆನ್ನಾಗಿ ಬರೆದವ್ನೆ. ಇದೇ ಇರ್ಲಿ" ಎಂದ.

ತುಂಬುವಷ್ಟು ಶಕ್ತಿ ಕೈಯಲ್ಲಿರಲಿಲ್ಲ. ನಶ್ಯವನ್ನು ಅವಳೇ ತುಂಬಿದಳು.