ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು

"ಅಯ್ಯ, ಇದರಾಗ ಗೋದಿ ಹಿಟ್ಟು ಐತಲ್ಲವ್ವಾ! ಪಲ್ಲವಿಗೆ ಗೋದಿ ನಡಿಯೂದಿಲ್ಲ ಅಂತೀಯಲ್ಲ?"

ಒಲೆಯ ಮುಂದಿದ್ದ ನಾನು ಬೆಚ್ಚಿ ತಿರುಗಿದೆ. ಉಪ್ಪಿನಕಾಯಿಗೆ ಚೂರು ಇಂಗು ಕೇಳಲು ಬಂದಿದ್ದ ಪಕ್ಕದ ಮನೆಯ ಮಮ್ತಾಜ್ ಆಪಾ, ಕನ್ನಡಕ ಏರಿಸಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುತ್ತಿದ್ದರು.

ನನ್ನ ಒಂಬತ್ತು ವರ್ಷದ ಮಗಳು ಪಲ್ಲವಿಗೆ ಸೀಲಿಯಾಕ್ ಕಾಯಿಲೆ. ಗೋಧಿಯ ಕಣ ಹೊಟ್ಟೆಗೆ ಹೋದರೂ ಕರುಳು ಕೆರಳುತ್ತದೆ. ಹಾಲೂ ಒಗ್ಗದು. ಒಂದು ವರ್ಷದಿಂದ ನಮ್ಮ ವಿದ್ಯಾಗಿರಿಯ ಮನೆಗೆ ಗೋಧಿ ತಂದಿಲ್ಲ, ಜೋಳದ ರೊಟ್ಟಿ ಮತ್ತು ಅನ್ನವೇ ಊಟ. ಆದರೂ ಅವಳ ಹೊಟ್ಟೆನೋವು ನಿಂತಿರಲಿಲ್ಲ. ಶಾಲೆಯಲ್ಲಿ ಕದ್ದು ಬಿಸ್ಕತ್ತು ತಿನ್ನುತ್ತಾಳೆಂದು ನಾನೇ ತೀರ್ಮಾನಿಸಿದ್ದೆ. "ನಾ ಖರೇನ ತಿಂದಿಲ್ಲವ್ವಾ" ಎಂದು ಅಳುತ್ತಿದ್ದವಳಿಗೆ ಹಿಂದಿನ ದಿನವಷ್ಟೇ, ಸುಳ್ಳು ಹೇಳುತ್ತೀ ಎಂದು ಕೆನ್ನೆಗೆ ಹೊಡೆದಿದ್ದೆ.

ಆಪಾ ಡಬ್ಬಿ ಓದುವ ಹೊತ್ತಿಗೆ ಪಲ್ಲವಿ ಅಡುಗೆಮನೆಯಲ್ಲೇ ಕುಳಿತು ಅನ್ನ ಸಾರು ಉಣ್ಣುತ್ತಿದ್ದಳು. ಅದೇ ಇಂಗಿನ ಒಗ್ಗರಣೆಯ ಸಾರು. ಬಾಗಿ ತಾಟು ಕಸಿದುಕೊಂಡೆ. ಅವಳು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು.

"ಯವ್ವಾ, ಇದು ನೀನ ಮಾಡಿದ್ದಲ್ಲ? ಇದನ್ನೂ ತಿನ್ನಬಾರದೇನು?"

ದಿನಕ್ಕೆ ಎರಡು ಹೊತ್ತು ನನ್ನ ಕೈಯಾರೆ ಅವಳಿಗೆ ಅದನ್ನು ಬಡಿಸುತ್ತಿದ್ದೆ.

ಇಂಗು ಬಿಟ್ಟ ಎರಡು ತಿಂಗಳಲ್ಲಿ ಹೊಟ್ಟೆನೋವು ಇಳಿಯಿತು. ಯಾಕೆ ಹೊಡೆದೆ ಎಂದು ಪಲ್ಲವಿ ಈವರೆಗೂ ಕೇಳಿಲ್ಲ.