ಪೀಣ್ಯಕ್ಕೆ ಬಂದ ಲಾಂಚು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ಈಗಲೂ ಎದ್ದು ಹೋಗುತ್ತೇನೆ, ಆದರೆ ನಗುವುದಿಲ್ಲ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ಪೀಣ್ಯದಲ್ಲಿ ಕಬ್ಬಿಣ ಕತ್ತರಿಸಿ ಬೆಸೆಯುವ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಡ್ರಾಯಿಂಗ್ ಮಾಡುವ ಕೆಲಸದಲ್ಲಿದ್ದೆ. ಅಣೆಕಟ್ಟೊಂದರ ಹಿನ್ನೀರಿನಲ್ಲಿ ಜನರನ್ನೂ ವಾಹನಗಳನ್ನೂ ದಾಟಿಸುತ್ತಿದ್ದ ಹಳೇ ಲಾಂಚೊಂದು ತುಂಡುತುಂಡಾಗಿ ನಮ್ಮಲ್ಲಿಗೆ ಬಂತು. ವೈಟ್‌ಫೀಲ್ಡಿನ ಹೋಟೆಲಿನವರೊಬ್ಬರು ಅದನ್ನು ಕೊಂಡಿದ್ದರು. ಮತ್ತೆ ಜೋಡಿಸಿ ಅಂಗಳದಲ್ಲಿ ನಿಲ್ಲಿಸಿ, ಅದರ ಮೇಲೆ ಊಟ ಬಡಿಸುವ ಯೋಚನೆ ಅವರದು. ನನಗೆ ಒಂದಿಷ್ಟು ಬರೆಯುವ ಚಟ ಇದ್ದದ್ದರಿಂದ, ಬಾಗಿಲ ಫಲಕಕ್ಕೆ ಲಾಂಚಿನ ಇತಿಹಾಸ ಬರೆಯುವ ಕೆಲಸವೂ ನನ್ನ ತಲೆಗೇ ಬಿತ್ತು.

ಅದನ್ನು ಬಹಳ ಕಾಲ ಓಡಿಸಿದ್ದ ಮಂಜಪ್ಪನವರು ನಿವೃತ್ತರಾಗಿ ಊರಲ್ಲಿದ್ದರು. ಫೋನಿನಲ್ಲೇ ಎಲ್ಲ ಹೇಳಿದರು. ನೀರು ನಿಂತ ಹೊಸದರಲ್ಲಿ ಆ ಕಡೆಯ ಊರುಗಳಿಗೆ ದೋಣಿಯೊಂದೇ ಗತಿ. ಆಮೇಲೆ ಜನರನ್ನಷ್ಟೇ ಒಯ್ಯುವ ಸಣ್ಣ ಲಾಂಚು ಬಂತು. ಕೊನೆಗೆ ಬಸ್ಸನ್ನೇ ಹತ್ತಿಸಿಕೊಳ್ಳುವ ಇದು. ಮದುವೆ ದಿಬ್ಬಣ, ಗಬ್ಬದ ಎಮ್ಮೆ, ಸಿಲಿಂಡರ್ ಲಾರಿ, ಹೆಣ, ಎಲ್ಲವೂ ಇದರ ಮೇಲೆಯೇ ದಾಟಿದವು. “ಹೆರಿಗೆ ಕೂಡ ಇದರಲ್ಲೇ ಆಗಿದೆ ಮಾರಾಯ್ರೆ, ನಡುನೀರಲ್ಲಿ. ನಾನು ಆಚೆ ಮುಖ ಮಾಡಿ ನಿಂತಿದ್ದೆ,” ಎಂದು ನಕ್ಕರು. ಸೇತುವೆ ತೆರೆದ ದಿನ ಊರವರೆಲ್ಲ ಪಟಾಕಿ ಹೊಡೆದರಂತೆ. ಇವರು ಎಂಜಿನ್ ಆರಿಸಿ ಒಬ್ಬರೇ ಮನೆಗೆ ನಡೆದರಂತೆ.

ಬೆಸುಗೆ ಮುಗಿದು ಲಾಂಚು ಶೆಡ್ಡಿನ ಹಿಂದೆ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಒಂದು ಶನಿವಾರ ಹೆಂಡತಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಗಲಿಲ್ಲ. ದಾಸರಹಳ್ಳಿಯ ಮನೆಯಲ್ಲಿ ಬೇರೆ ಯಾರೂ ಇಲ್ಲ. ಹಾಗಾಗಿ ಐದು ವರ್ಷದ ಮಗಳು ಇಂಚರಳನ್ನು ಕೆಲಸಕ್ಕೆ ಕರೆದುಕೊಂಡು ಹೋಗಿದ್ದೆ. ನನ್ನ ಮೇಜಿನ ಪಕ್ಕದಲ್ಲೇ ಚಿತ್ರ ಬಿಡಿಸುತ್ತಿದ್ದಳು. ಊಟದ ಹೊತ್ತಿಗೆ ತಲೆ ಎತ್ತಿದರೆ ಮಗು ಇಲ್ಲ.

ಮೊದಲು ಲಾಂಚಿಗೇ ಓಡಿದೆ. ಬೆಳಿಗ್ಗೆಯಿಂದ ಅದನ್ನು ಹತ್ತಬೇಕೆಂದು ಕಾಡುತ್ತಿದ್ದಳು. ಯಾರೂ ಇರಲಿಲ್ಲ. ಪ್ರಯಾಣಿಕರ ಬೆಂಚಿನ ಮೇಲೆ ಕೈಯೂರಿ ಬಗ್ಗಿ ಕೆಳಗೂ ನೋಡಿದೆ. ವೆಲ್ಡರ್ ರಾಜಣ್ಣ ಎಂಜಿನ್ ಗೂಡಿನೊಳಗೆ ಟಾರ್ಚ್ ಬಿಟ್ಟು, “ಇಲ್ಲಿಲ್ಲ ಸಾರ್,” ಎಂದ. ಗೇಟಿನವನು, “ಮಗು ಆಚೆ ಹೋಗಿಲ್ಲ ಸಾರ್, ನಾನು ಇಲ್ಲಿಂದ ಅಲ್ಲಾಡೇ ಇಲ್ಲ,” ಎಂದು ಆಣೆ ಹಾಕಿದ. ಅದೇ ಕಾಂಪೌಂಡಿನೊಳಗೆ ಪಕ್ಕದ್ದು, ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡು. ಅಲ್ಲಿ ನೆಲಮಟ್ಟಕ್ಕೆ ಆಸಿಡ್ ತೊಟ್ಟಿಗಳು. ಒಂದೊಂದರ ಅಂಚಿಗೂ ಹೋಗಿ, ಕಣ್ಣೊರೆಸಿಕೊಂಡು ಇಣುಕಿದೆ. ಹೆಂಡತಿಗೆ ಫೋನ್ ಮಾಡಲು ತೆಗೆದವನು ಮಾಡಲಾರದೆ ಜೇಬಿಗೆ ಹಾಕಿಕೊಂಡೆ.

ಆಗ ರಾಜಣ್ಣ ನಮ್ಮ ಶೆಡ್ಡಿನ ಹಿಂದಿನಿಂದ ಕೂಗಿದ. “ಸಾರ್, ಸಿಕ್ಕಿದ್ಲು!”

ಇಂಚರ ಲಾಂಚಿನಲ್ಲಿದ್ದಳು. ನಾನು ಕೈಯೂರಿ ನೋಡಿದ ಅದೇ ಬೆಂಚಿನ ಮೇಲೆ, ಕಾಲು ಇಳಿಬಿಟ್ಟು ಕೂತಿದ್ದಳು. ಬಿಗಿಯಾಗಿ ಹೆಣೆದಿದ್ದ ಜಡೆ ಗಾಳಿಗೆ ಸಿಕ್ಕಂತೆ ಕೆದರಿತ್ತು. ಫ್ರಾಕು ಮೊಣಕಾಲಿನವರೆಗೆ ಒದ್ದೆ. ಎತ್ತಿಕೊಂಡರೆ ಕೆಸರಿನ, ಪಾಚಿಯ ವಾಸನೆ.

“ಎಲ್ಲಿಗ್ ಹೋಗಿದ್ದೆ ಪುಟ್ಟಾ?”

“ಆ ಕಡೆಗೆ. ಅಜ್ಜಿ ಜೊತೆ.”

“ಯಾವ ಅಜ್ಜಿ?”

“ಗೊತ್ತಿಲ್ಲ. ಕೈ ಬಿಡ್ಲೇ ಇಲ್ಲ ನಂದು. ಆಮೇಲೆ, ನಿಮ್ಮಪ್ಪ ಅಳ್ತಿದಾನೆ ನಡಿ ಅಂತ ವಾಪಸ್ ಕರ್ಕೊಂಡ್ ಬಂದ್ರು.”

ರಾಜಣ್ಣ ನನ್ನ ಮುಖ ನೋಡಿದ. ನಮ್ಮ ಶೆಡ್ಡಿನಲ್ಲಿ ವಯಸ್ಸಾದ ಹೆಂಗಸರು ಯಾರೂ ಇರಲಿಲ್ಲ. ಬೇಸಿಗೆ, ಹಿತ್ತಲಿನಲ್ಲಿ ಒಂದು ಬಕೆಟ್ ನೀರೂ ಇರಲಿಲ್ಲ.

ಆವತ್ತೇ ಸಂಜೆ ಮಂಜಪ್ಪನವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು ಮೆಲ್ಲಗೆ, “ಮಗು ವಾಪಸ್ ಬಂತಲ್ಲ?” ಎಂದರು.

“ಬಂತು.”

“ಹಾಗಾದ್ರೆ ನನ್ನ ಹತ್ರ ಏನೂ ಕೇಳ್ಬೇಡಿ ಮಾರಾಯ್ರೆ.”

ನಾನೂ ಮತ್ತೆ ಕೇಳಲಿಲ್ಲ. ಫಲಕಕ್ಕೆ ದೋಣಿ, ಬಸ್ಸು, ದಿಬ್ಬಣ, ಸೇತುವೆ ಎಂದು ಬರೆದುಕೊಟ್ಟೆ. ಲಾಂಚು ವೈಟ್‌ಫೀಲ್ಡಿಗೆ ಹೋಯಿತು. ಜನ ಅದರ ಮೇಲೆ ಕೂತು ಊಟ ಮಾಡುತ್ತಾರಂತೆ. ನಾನು ಆ ಕಡೆ ಕಾಲಿಟ್ಟಿಲ್ಲ. ಇಂಚರಳಿಗೆ ಈಗ ಏನೂ ನೆನಪಿಲ್ಲ. ಎಲ್ಲೋ ಅಡಗಿ ಕೂತಿದ್ದಳು, ಎಲ್ಲೋ ನೀರಾಡಿದ್ದಳು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಳ್ಳುವಾಗಲೆಲ್ಲ ಆ ಖಾಲಿ ಬೆಂಚು ಅಂಗೈಗೆ ತಾಗಿದಂತಾಗುತ್ತದೆ.

ಆ ಮುದುಕಿ ನನ್ನ ಮಗಳನ್ನು ಕರೆದುಕೊಂಡು ಹೋದವಳೋ, ಅವಳು ಆ ಕಡೆಯೇ ಉಳಿದುಹೋಗದಂತೆ ಕೈ ಹಿಡಿದುಕೊಂಡವಳೋ ನನಗೆ ತಿಳಿಯದು. ಅವಳನ್ನು ನೆನೆದು ಕೈ ಮುಗಿಯಬೇಕೋ, ಹೆದರಬೇಕೋ ಎಂಬುದನ್ನೂ ಇಷ್ಟು ವರ್ಷವಾದರೂ ತೀರ್ಮಾನಿಸಲಾಗಿಲ್ಲ.