ಎರಡು ಬಾಗಿಲ ಕಣ

ಬಾಳೇಶನ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ. ಅಕ್ಷರದ ತಲೆಕಟ್ಟು ವಾರೆಯಾಗಿದ್ದರೆ ಕಣ್ಣಿಗೆ ಚುಚ್ಚುವವರದು ಒಂದು, ಚುಚ್ಚದವರದು ಇನ್ನೊಂದು. ಆ ಎರಡನೆಯ ಜಾತಿಯವರೇ ಅಂಗಡಿ ಇಡುತ್ತಾರೆ, ಚುನಾವಣೆಗೆ ನಿಲ್ಲುತ್ತಾರೆ, ಕಡೆಗೆ ತನ್ನ ಹತ್ತಿರವೇ ಬಂದು ಬೋರ್ಡ್ ಬರೆಸಿಕೊಂಡು ಸರಿ ತಪ್ಪು ಹೇಳುತ್ತಾರೆ ಎಂಬುದು ಅವನ ಹೊಟ್ಟೆಯುರಿ. ಖಾನಾಪುರ ಬಸ್ ಸ್ಟ್ಯಾಂಡಿನ ಪಕ್ಕದ ಓಣಿಯಲ್ಲಿ ಅವನ ಪೇಂಟಿಂಗ್ ಅಂಗಡಿ. ಹುಟ್ಟಿದ್ದು ನಂದಗಡದಲ್ಲಿ, ಕುರಿ ಕಾಯುತ್ತ ಹೊಲ ಮಾಡುತ್ತ ಬಂದ ಮನೆತನದಲ್ಲಿ. ಸಾಲಿ ಕಲಿತದ್ದು ಏಳನೇ ಇಯತ್ತೆವರೆಗೆ. ಕನ್ನಡ, ಮರಾಠಿ ಎರಡನ್ನೂ ಒಂದೇ ಕೈಯಲ್ಲಿ ಬರೆಯುತ್ತಿದ್ದ, ಎರಡೂ ಕಡೆಯವರನ್ನು ಸಮನಾಗಿ ಬೈಯುತ್ತಿದ್ದ.

ಇಪ್ಪತ್ತೆರಡು ವರ್ಷ ಅವನು ಬರೆದದ್ದೆಲ್ಲ ಬೇರೆಯವರ ಹೆಸರು. ಕಿರಾಣಿ ವ್ಯಾಪಾರಿಗಳು, ಹಲ್ಲಿನ ಡಾಕ್ಟರು, ಸಂಘದ ಅಧ್ಯಕ್ಷರು, ಸತ್ತು ಸ್ವರ್ಗ ಸೇರಿದ ಹಿರಿಯರು. ತಾನು ಕೈಯಾರೆ ಮಾಡಿದ್ದೊಂದರ ಕೆಳಗೆ ತನ್ನ ಹೆಸರು ಬೀಳಬೇಕು ಎಂಬ ಆಸೆ ನಲವತ್ತೈದರ ಹೊತ್ತಿಗೆ ಅವನಿಗೆ ಹತ್ತಿಕೊಂಡಿತು. ಹೇಳಿಕೊಳ್ಳಲು ನಾಚಿಕೆ, ಬಿಡಲು ಮನಸ್ಸಿಲ್ಲ.

ಎರಡು ಸಾವಿರದ ಇಸವಿಯ ದೀಪಾವಳಿ ಮುಗಿದ ಮೇಲೆ ಬೆಳಗಾವಿಯ ಸದಾಶಿವನಗರದಿಂದ ಗುರುಪಾದಪ್ಪ ಎಂಬವರು ಅವನನ್ನು ಕರೆಸಿದರು. ಕಂಪ್ಯೂಟರ್ ಕ್ಲಾಸ್ ನಡೆಸುವ ಮನುಷ್ಯ. ಸಫಾರಿ ಸೂಟು, ಮಾತಿಗೊಮ್ಮೆ 'ಕಾನ್ಸೆಪ್ಟ್'. ಪುಣೆಯಲ್ಲಿ ಮುಚ್ಚಿಹೋದ ವಿಡಿಯೋ ಆಟದ ಅಂಗಡಿಯೊಂದರಿಂದ ಅವರು ಒಂದು ಟೋಪಿ ಕೊಂಡು ತಂದಿದ್ದರು. ಟೋಪಿಯೆಂದರೆ ಮೋಟಾರ್ ಸೈಕಲ್ಲಿನ ಹೆಲ್ಮೆಟ್ಟಿನಂಥದ್ದು, ಒಳಗೆ ಕಣ್ಣಿಗೊಂದರಂತೆ ಪುಟ್ಟ ಪರದೆ. ಹಾಕಿಕೊಂಡು ಕತ್ತು ತಿರುಗಿಸಿದರೆ ಒಳಗಿನ ಲೋಕವೂ ತಿರುಗಬೇಕು. ಆ ಲೋಕದಲ್ಲಿ ನಿಲ್ಲಿಸಿ ಪಿಯುಸಿ ಹುಡುಗರಿಗೆ ಕ್ವಾಂಟಮ್ ವಿಜ್ಞಾನವನ್ನು ಕಣ್ಣಾರೆ ತೋರಿಸಿಬಿಡುತ್ತೇನೆ ಎಂಬುದು ಅವರ ಘೋಷಣೆ. ಕ್ವಾಂಟಮ್ ಅಂದರೇನ್ರಿ ಎಂದು ಬಾಳೇಶ ಕೇಳಿದ್ದಕ್ಕೆ, ಅದು ಭಾಳ ಸಣ್ಣದು ಎಂದಷ್ಟೇ ಹೇಳಿ ಚಹಾ ತರಿಸಿದರು. ಅಲ್ಲಿಗೆ ಅವರ ವಿದ್ಯೆ ತೀರಿತ್ತು.

ಅವರ ಅಳಿಯ ಆಕಾಶನಿಗೆ ಕಂಪ್ಯೂಟರ್ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಬಾಳೇಶ ದೊಡ್ಡ ಹಾಳೆಗಳ ಮೇಲೆ ನಾಲ್ಕು ದಿಕ್ಕಿನ ನೋಟ ಬರೆಯಬೇಕು, ಆಕಾಶ ಅದನ್ನು ಟೋಪಿಯೊಳಗೆ ಇಳಿಸಬೇಕು. ಬಾಳೇಶ ಒಂದೇ ಕರಾರು ಹಾಕಿದ: ಚಿತ್ರದ ಜೊತೆ ತನ್ನ ಹೆಸರು ಇರಬೇಕು. ಗುರುಪಾದಪ್ಪ ಅದಕ್ಕೇನಂತೆ ಎಂದುಬಿಟ್ಟರು, ಅವರು ಎಲ್ಲದಕ್ಕೂ ಹಾಗೆಯೇ ಅನ್ನುವವರು.

ಏನು ಬರೆಯಬೇಕೆಂದು ಚೀಟಿ ಬರೆದುಕೊಟ್ಟವರು ಪ್ರಮಿಳಾ, ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವ ಮೇಡಂ. ಚೀಟಿಯಲ್ಲಿದ್ದದ್ದು ಇಷ್ಟು: 'ಒಂದು ಕಣ. ಎರಡು ಬಾಗಿಲು. ಕಣ ಎರಡೂ ಬಾಗಿಲಿನಿಂದ ಒಮ್ಮೆಲೇ ದಾಟುತ್ತದೆ.'

ಬಾಳೇಶ ಒಂದಿಡೀ ದಿನ ನಕ್ಕ. ಕಣ ದಾಟುವುದೆಂದರೇನು? ಕಣವೇನು ಎಮ್ಮೆಯೇ, ಬಾಗಿಲು ದಾಟಿ ಹೋಗಲಿಕ್ಕೆ? ಸುಗ್ಗಿಗೊಮ್ಮೆ ಸೆಗಣಿ ಸಾರಿಸಿ, ಭತ್ತ ಬಡಿದು, ರಾಶಿ ಮಾಡುವ ನೆಲ ಅದು, ಇದ್ದಲ್ಲೇ ಇರುತ್ತದೆ. ಓದಿ ಓದಿ ಈ ಬೆಳಗಾವಿಯ ಮಂದಿಗೆ ಅನ್ನ ಎಲ್ಲಿಂದ ಬರುತ್ತದೆ ಅನ್ನುವುದೂ ಮರೆತುಹೋಗಿದೆ ಎಂದು ಮರುಗಿದ. ದಾಟುವುದು ಕಣವಲ್ಲ, ಕಣದಲ್ಲಿ ತೂರಿದ ಕಾಳು. ಮೇಡಂ ಅವಸರದಲ್ಲಿ ತಪ್ಪು ಬರೆದಿದ್ದಾರೆ ಎಂದು ತಾನೇ ತಿದ್ದಿಕೊಂಡ. ನಂದಗಡದ ತನ್ನ ಮನೆಯ ಕಣವನ್ನೇ ಬರೆದ. ಮೊರ ಎತ್ತಿ ತೂರುವ ಹೆಂಗಸು, ಸುತ್ತ ಬೇಲಿ, ಬೇಲಿಗೆ ಎರಡು ಬಾಗಿಲು, ಗಾಳಿಗೆ ಎರಡರಿಂದಲೂ ಹಾದು ಆಚೆ ಬಿದ್ದ ಎರಡು ರಾಶಿ.

ನೋಡಲು ಬಂದ ಪ್ರಮಿಳಾ ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು. ತಾನು ಬರೆದ ಕಣ ಅಂದರೆ ಕಣ್ಣಿಗೂ ಕಾಣದ ಚೂರು, ರಾಶಿ ಮಾಡುವ ಕಣವಲ್ಲ ಎಂದು ತಿಳಿಸಿದರು. ಬಾಳೇಶನ ಮುಖ ಕಪ್ಪಿಟ್ಟಿತು. ಇಷ್ಟು ದೊಡ್ಡ ಕಣ ಇರುವಾಗ ಅದೇ ಹೆಸರನ್ನು ಒಯ್ದು ಕಾಣದ ಚೂರಿಗೆ ಇಟ್ಟವನು ಎಂಥ ಶಾಣ್ಯಾ ಎಂದು ಮನಸ್ಸಿನಲ್ಲೇ ಶಪಿಸಿದ. ಮೇಡಂ ಮಾತ್ರ ಚಿತ್ರ ಬಿಟ್ಟು ಕದಲಲಿಲ್ಲ. ಮೊರದಿಂದ ಬಾಗಿಲವರೆಗೆ ಒಂದು ಕಾಳನ್ನೂ ಬಿಡಿಸಿಲ್ಲವಲ್ಲ, ಯಾಕೆ ಎಂದು ಕೇಳಿದರು.

"ಹಾರೂಮುಂದ ಕಾಳು ಯಾರಿಗಿ ಕಂಡೈತ್ರಿ ಅಕ್ಕಾರ?" ಎಂದ ಬಾಳೇಶ. "ಹಾರೂಮುಂದ ಬರೇ ಝಳ. ಬಿದ್ದ ಮ್ಯಾಲೇ ಅದು ಕಾಳು."

ಪ್ರಮಿಳಾ ಬಣ್ಣದ ಡಬ್ಬಿಯ ಮೇಲೆಯೇ ಕುಳಿತುಬಿಟ್ಟರು. ಹನ್ನೊಂದು ವರ್ಷ ಪಾಠ ಹೇಳಿದರೂ ಇಷ್ಟು ಸರಳವಾಗಿ ತನಗೆ ಹೇಳಲು ಬಂದಿರಲಿಲ್ಲ, ಖರೇ ಹೇಳಬೇಕೆಂದರೆ ತನಗೂ ಪೂರ್ತಿ ತಿಳಿದಿಲ್ಲ, ಬರೀ ಸೂತ್ರ ಬರೆಸುತ್ತೇನೆ ಎಂದರು. ಓದಿದವರ ಬಾಯಲ್ಲಿ ತಿಳಿದಿಲ್ಲ ಎಂಬ ಮಾತನ್ನು ಬಾಳೇಶ ಕೇಳಿದ್ದು ಅದೇ ಮೊದಲು. ಆ ಹೊತ್ತಿನಿಂದ ಅವರೊಬ್ಬರನ್ನು ಬೈಯುವುದನ್ನು ನಿಲ್ಲಿಸಿದ.

ಚಿತ್ರ ಹೀಗೇ ಇರಲಿ, ರಾಶಿ ಮಾತ್ರ ಬದಲಿಸು ಎಂದರು ಮೇಡಂ. ಒಂದು ಬಾಗಿಲು ಮುಚ್ಚಿದ್ದರೆ ಅಗಲವಾದ ಒಂದೇ ರಾಶಿ. ಎರಡೂ ತೆರೆದರೆ ಎರಡು ರಾಶಿಯಲ್ಲ, ಸಾಲು ಸಾಲು: ಒಂದು ಪಟ್ಟಿ ಕಾಳು, ಒಂದು ಪಟ್ಟಿ ಖಾಲಿ, ಮತ್ತೆ ಕಾಳು, ಮತ್ತೆ ಖಾಲಿ. ಒಂದೊಂದೇ ಕಾಳು ತೂರಿದರೂ ಕಡೆಗೆ ಹಾಗೆಯೇ ಬೀಳುತ್ತದೆ. ಇನ್ನೊಂದು ಬಾಗಿಲು ತೆರೆದದ್ದಕ್ಕೆ ಕಾಳು ಬೀಳುತ್ತಿದ್ದ ಜಾಗ ಖಾಲಿಯಾಗುವುದು ಯಾವ ಸೀಮೆಯ ನ್ಯಾಯ ಎಂದು ಬಾಳೇಶ ಜಗಳಕ್ಕೇ ನಿಂತ. ಸಣ್ಣ ಲೋಕದ ನ್ಯಾಯವೇ ಹಾಗೆ ಎಂದರು ಅವರು. ನಾಲ್ಕು ದಿನ ಅವನು ಆ ಲೋಕವನ್ನು ಬೈಯುತ್ತಲೇ ಬರೆದ. ಎರಡು ಬಾಗಿಲಿನಿಂದ ಹೊರಟ ಝಳವನ್ನು ಬಿಳಿ ಕಪ್ಪು ಅಲೆಗಳಾಗಿ ಎಳೆದ. ಬಿಳಿ ಬಿಳಿ ಕೂಡಿದಲ್ಲಿ ಬೆಳಕು ದಟ್ಟವಾಯಿತು, ಬಿಳಿ ಕಪ್ಪು ಕೂಡಿದಲ್ಲಿ ಒಂದನ್ನೊಂದು ಅಳಿಸಿ ಏನೂ ಉಳಿಯಲಿಲ್ಲ. ಖಾಲಿ ಪಟ್ಟಿ ಎಲ್ಲಿಂದ ಬರುತ್ತದೆಂದು ಅವನಿಗೆ ಬ್ರಶ್ಶೇ ಹೇಳಿಕೊಟ್ಟಿತು.

ಜನವರಿಯಲ್ಲಿ ಟೋಪಿ ಹಾಕಿ ನೋಡಿದ. ಸುತ್ತ ನಂದಗಡದ ಕಣ, ತಿರುಗಿದತ್ತ ತನ್ನದೇ ಗೆರೆ. ಅವನ ಎದೆ ಹೆಮ್ಮೆಯಿಂದ ಉಬ್ಬಿತು, ಕಣ್ಣೂ ಒದ್ದೆಯಾಯಿತು. ಟೋಪಿ ತೆಗೆದು, ಹಸಿರು ಕೆಡಿಸಿದ್ದೀರಿ ಎಂದು ಆಕಾಶನನ್ನು ಬೈದು ಖಾನಾಪುರದ ಬಸ್ಸು ಹತ್ತಿದ.

ಟೋಪಿಯ ಪ್ರದರ್ಶನದ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಿಸುವ ಬೋರ್ಡ್ ಬರೆಯಲೆಂದು ಗುರುಪಾದಪ್ಪ ಅವನ ಕೈಗೆ ಪಟ್ಟಿ ಕೊಟ್ಟರು. ಪರಿಕಲ್ಪನೆ: ಗುರುಪಾದಪ್ಪ. ವಿಜ್ಞಾನ: ಪ್ರಮಿಳಾ. ತಂತ್ರಜ್ಞಾನ: ಆಕಾಶ. ಚಿತ್ರ: ಕಂಪ್ಯೂಟರ್.

ಬಾಳೇಶ ಎರಡು ಸಲ ಓದಿದ. ಕರಾರು ನೆನಪಿಸಿದ. ಕೈಯಲ್ಲಿ ಬರೆದದ್ದು ಅಂದರೆ ಸರ್ಕಸ್ಸಿನ ಪರದೆ ಅಂದುಕೊಳ್ಳುತ್ತಾರೆ, ಮಂದಿ ಬರುವುದೇ ಕಂಪ್ಯೂಟರ್ ನೋಡಲಿಕ್ಕೆ, ಕಾನ್ಸೆಪ್ಟ್ ತಿಳಿದುಕೋ ಎಂದು ಅವರು ಬೆನ್ನು ತಟ್ಟಿ ಹೋದರು. ತಟ್ಟಿದ ಜಾಗ ಅವನಿಗೆ ಚುರುಗುಟ್ಟಿತು.

ಅವನು ಬೋರ್ಡ್ ಬರೆದ. ಜನ್ಮದಲ್ಲಿ ಅಷ್ಟು ಚಂದ ಬರೆದಿರಲಿಲ್ಲ. ಆದರೆ 'ಚಿತ್ರ' ಎಂಬುದರ ಮುಂದೆ ಎರಡು ಚುಕ್ಕೆ ಇಟ್ಟು ಬ್ರಶ್ಶು ತೊಳೆದ. ಮುಖ್ಯ ಅತಿಥಿಗಳ ಕಾರು ಬರಲು ಅರ್ಧ ತಾಸು ಇರುವಾಗ ಗುರುಪಾದಪ್ಪ ಓಡಿಬಂದು ಆ ಖಾಲಿ ಜಾಗ ನೋಡಿದರು.

"ಸುಳ್ಳು ಬೋರ್ಡ್ ನಾ ಭಾಳ ಬರದೇನ್ರಿ ಸಾಹೇಬ್ರ," ಎಂದ ಬಾಳೇಶ. "ಶುದ್ಧ ತುಪ್ಪಾ ಅಂತ ಬರದೇನಿ, ಸಮಾಜ ಸೇವಕರು ಅಂತ ಬರದೇನಿ. ಇದೊಂದು ಬರಿಯಾಂಗಿಲ್ಲ."

ಚಿತ್ರ ಬರೆದವನ ಹೆಸರು ಇಲ್ಲವೆಂದರೆ ನನ್ನ ಹೆಸರನ್ನೂ ಅಳಿಸಿ ಎಂದು ಪಕ್ಕದಲ್ಲಿದ್ದ ಪ್ರಮಿಳಾ ತಣ್ಣಗೆ ಹೇಳಿದರು. ಗುರುಪಾದಪ್ಪ ಗಡಿಯಾರ ನೋಡಿದರು, ಗೇಟು ನೋಡಿದರು, ಆಯ್ತು ಮಾರಾಯ, ನಿನ್ನ ಹೆಸರೇ ಬರೆದುಕೋ ಎಂದರು. ಬಾಳೇಶ ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ ಅವರ ಮುಂದೆ ಹಿಡಿದ.

"ನೀವs ಬರೀರಿ. ನಾ ಬರಕೊಂಡ್ರ ಅದು ನನ್ನ ಇನ್ನೊಂದು ಬೋರ್ಡ್ ಆಗತೈತಿ ಅಷ್ಟ."

ಸೇರಿದ ಮಂದಿ ನೋಡುತ್ತಿದ್ದರು. ಗುರುಪಾದಪ್ಪ ಮಂಡಿಯೂರಿದರು. ಇಂಗ್ಲಿಷಿನಲ್ಲಿ ಸಹಿ ಮಾಡುವುದನ್ನು ಬಿಟ್ಟರೆ ಹದಿನೈದು ವರ್ಷದಿಂದ ಏನನ್ನೂ ಕೈಯಲ್ಲಿ ಬರೆಯದ ಮನುಷ್ಯ, ಬೆವರುತ್ತ ಮೂರು ಅಕ್ಷರ ಎಳೆದರು. ಅಕ್ಷರ ಮೂರೂ ಮೂರು ಕಡೆ ವಾಲಿದ್ದವು, ಶಕಾರದ ತಲೆಕಟ್ಟು ವಾರೆಯಾಗಿತ್ತು, ಬಣ್ಣ ಸೋರಿತ್ತು. 'ಬಾಲೇಶ' ಎಂದಿತ್ತು.

ಪ್ರಮಿಳಾ ನೋಡಿ ಚ್ಚೊ ಎಂದರು. ಅದು ಳಕಾರ, ಕಾರು ಬರುವುದರೊಳಗೆ ತಿದ್ದಿಬಿಡು ಎಂದು ಬಟ್ಟೆ ಚೂರು ಕೊಟ್ಟರು. ಬಾಳೇಶ ಆ ಸೊಟ್ಟ ಅಕ್ಷರಗಳನ್ನು ಬಹಳ ಹೊತ್ತು ನೋಡಿದ, ಬಟ್ಟೆಯನ್ನು ಹಿಂದಕ್ಕೆ ಕೊಟ್ಟ.

"ಇರ್ಲಿ ಬಿಡ್ರಿ ಅಕ್ಕಾರ," ಎಂದ. "ತಿದ್ದಿದ್ರ ನಾನs ಬರಕೊಂಡಂಗ ಕಾಣತೈತಿ."